ಚಳಿಗಾಲದಲ್ಲಿ ಆಟಿಕ್‌ನಿಂದ ನೀರು ತೊಟ್ಟಿಕ್ಕುತ್ತಿದೆ: ಇನ್ಸುಲೇಶನ್ ಹಾಕಿಸಲೋ, ಫ್ಯಾನ್ ಹಾಕಿಸಲೋ?

ಅಮೆರಿಕದ ಮಿನ್ನಿಯಾಪೊಲಿಸ್ ಹತ್ತಿರ 1980ರ ದಶಕದ ಮನೆ, ಜನವರಿಯಲ್ಲಿ ಆಟಿಕ್‌ನ (ಚಾವಣಿಗೂ ಸೀಲಿಂಗಿಗೂ ನಡುವಿನ ಜಾಗ) ಮೊಳೆ ತುದಿಗಳಿಗೆಲ್ಲ ಹಿಮ, ಬಿಸಿಲು ಬಂದ ದಿನ ಬಾತ್‌ರೂಮ್ ಸೀಲಿಂಗಿನಿಂದ ನೀರು. ಒಬ್ಬ ಗುತ್ತಿಗೆದಾರರು ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಹೆಚ್ಚಿಸಿ ಅಂದರು, ಇನ್ನೊಬ್ಬರು ಆಟಿಕ್‌ಗೆ ಕರೆಂಟ್ ಫ್ಯಾನ್ ಕೂರಿಸಿ ಅಂದರು ಅಂತ ಬರೆದಿದ್ದೀರಿ. ನನ್ನ ಪ್ರಕಾರ ಈಗಲೇ ಎರಡೂ ಬೇಡ. ಮೊದಲು ಸೀಲಿಂಗಿನ ಸಂದಿಗಳನ್ನು ಮುಚ್ಚಿ.

ಮೊಳೆ ತುದಿಗೆ ಹಿಮ ಕಟ್ಟಿದೆ ಅಂದರೆ ಅದು ಮನೆಯೊಳಗಿಂದ ಹೋದ ಹಬೆ. 21 ಡಿಗ್ರಿ ಸೆಲ್ಸಿಯಸ್, 40% ತೇವಾಂಶದ ಗಾಳಿ ಸುಮಾರು 7 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ನಿಮ್ಮ ಚಾವಣಿ ಹಲಗೆ ಆಗ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಇನ್ಸುಲೇಶನ್‌ಗೆ ಹಾಕುವ ಫೈಬರ್‌ಗ್ಲಾಸ್ (ಗಾಜಿನ ನಾರು) ಗಾಳಿಯನ್ನು ತಡೆಯುವುದಿಲ್ಲ, ಸೋಸಿ ಬಿಡುತ್ತದೆ. ಸಂದಿ ಹಾಗೇ ಬಿಟ್ಟು ಅದನ್ನೇ ಇನ್ನಷ್ಟು ಸುರಿದರೆ ಆಟಿಕ್ ಇನ್ನೂ ತಣ್ಣಗಾಗಿ ಹಿಮ ಹೆಚ್ಚುತ್ತದೆ. ಫ್ಯಾನ್ ಅದಕ್ಕಿಂತ ಕೆಟ್ಟದ್ದು: ಸೂರಿನ ಕಿಂಡಿಯಲ್ಲಿ ಗಾಳಿ ಸಾಲದಿದ್ದರೆ ನೀವು ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿಯನ್ನೇ ಮೇಲಕ್ಕೆ ಎಳೆಯುತ್ತದೆ.

ಸಂದಿ ಹುಡುಕಲು ದೇವರ ಮನೆಯ ಊದುಬತ್ತಿ ಸಾಕು. ಚಳಿ ಜೋರಾಗಿರುವ ದಿನ ಮನೆಯ ಫ್ಯಾನುಗಳನ್ನೆಲ್ಲ ಆರಿಸಿ, ಆಟಿಕ್ ಮುಚ್ಚಳದ ಅಂಚಿಗೆ, ಸೀಲಿಂಗ್ ದೀಪಗಳ ಸುತ್ತ ಹಿಡಿಯಿರಿ. ಹೊಗೆ ಸರಕ್ಕನೆ ಮೇಲೆ ಹೋದ ಕಡೆ ಗುರುತು ಹಾಕಿ. ಆಟಿಕ್‌ನಲ್ಲಿ ಇನ್ಸುಲೇಶನ್ ಎತ್ತಿ ನೋಡಿದಾಗ ತಳ ಕಪ್ಪಗೆ ಧೂಳು ಹಿಡಿದಿದ್ದರೆ ಅಲ್ಲೇ ಸೋರಿಕೆ. (ಅಭ್ರಕದಂತೆ ಹೊಳೆಯುವ ಹರಳು ಹರಳಾದ ವರ್ಮಿಕ್ಯುಲೈಟ್ ಕಂಡರೆ ಮುಟ್ಟಬೇಡಿ. ಅದರಲ್ಲಿ ಕಲ್ನಾರು ಇರಬಹುದು, ಮೊದಲು ಪರೀಕ್ಷೆ ಮಾಡಿಸಿ.) ಓಡಾಟ ಜೋಯಿಸ್ಟ್‌ಗಳ (ಸೀಲಿಂಗ್ ಹೊತ್ತ ಮರದ ತೊಲೆಗಳ) ಮೇಲೆ ಮಾತ್ರ, ಮುಖಕ್ಕೆ ಎನ್-95 ಮಾಸ್ಕ್.

ಕಾಲಿಂಚಿನವರೆಗಿನ ಸಂದಿಗೆ ಕಾಕ್ (ಸಂದಿ ತುಂಬುವ ಅಂಟು), ಅದಕ್ಕಿಂತ ದೊಡ್ಡದಕ್ಕೆ ಡಬ್ಬಿಯಿಂದ ಸಿಂಪಡಿಸುವ ಫೋಮ್, ಕೈ ತೂರುವಷ್ಟಿದ್ದರೆ ಫೋಮ್ ಬೋರ್ಡ್ ಕತ್ತರಿಸಿಟ್ಟು ಸುತ್ತ ಫೋಮ್. ಗೋಡೆಯ ತಲೆಪಟ್ಟಿಗೂ (ಚೌಕಟ್ಟಿನ ಮೇಲ್ತುದಿಯ ಮರ) ಡ್ರೈವಾಲ್‌ಗೂ (ಜಿಪ್ಸಮ್ ಹಲಗೆ) ನಡುವಿನ ಗೆರೆಯನ್ನು ಬಹಳ ಜನ ಮರೆಯುತ್ತಾರೆ. ತೆಳ್ಳಗಿದ್ದರೂ ಮನೆಯುದ್ದಕ್ಕೂ ಹೋಗುತ್ತದೆ. ಫರ್ನೇಸ್ ಫ್ಲೂ (ಮನೆ ಬಿಸಿ ಮಾಡುವ ಯಂತ್ರದ ಹೊಗೆ ಕೊಳವೆ), ಚಿಮಣಿ ಪಕ್ಕ ಫೋಮ್ ಬಳಸಲೇಬೇಡಿ, ತಗಡು ಮತ್ತು ಹೆಚ್ಚು ಶಾಖ ತಡೆಯುವ ಸೀಲಂಟ್ ಬೇಕು. ಮುಚ್ಚಳದ ಬೆನ್ನಿಗೆ ದಪ್ಪ ಫೋಮ್ ಬೋರ್ಡ್ ಅಂಟಿಸಿ, ಅಂಚಿಗೆ ವೆದರ್‌ಸ್ಟ್ರಿಪ್ (ಸಂದಿ ಮುಚ್ಚುವ ಪಟ್ಟಿ) ಹಾಕಿ, ಬಿಗಿಯಾಗಿ ಒತ್ತಿ ಹಿಡಿಯಲು ಕೊಕ್ಕೆ ಹಾಕಿ.

ಬಾತ್‌ರೂಮ್ ಫ್ಯಾನಿನ ಪೈಪ್ ಎಲ್ಲಿಗೆ ಹೋಗಿದೆ ನೋಡಿ. ಆಟಿಕ್‌ನಲ್ಲೇ ಬಾಯ್ತೆರೆದು ಮಲಗಿದ್ದರೆ ಅರ್ಧ ಉತ್ತರ ಸಿಕ್ಕಿತು. ಇನ್ಸುಲೇಶನ್ ಸುತ್ತಿದ ಪೈಪ್‌ನಲ್ಲಿ, ಡ್ಯಾಂಪರ್ (ಗಾಳಿ ಹಿಂದಕ್ಕೆ ಬರದಂತೆ ತಡೆಯುವ ರೆಕ್ಕೆ) ಇರುವ ಕ್ಯಾಪ್ ಮೂಲಕ, ಚಾವಣಿಯಾಚೆಗೇ ಬಿಡಿ. ಸೂರಿನಡಿ ಬಿಟ್ಟರೆ ಪಕ್ಕದ ಸಾಫಿಟ್ ವೆಂಟ್ (ಸೂರಿನ ಕಿಂಡಿ) ಆ ಹಬೆಯನ್ನು ಮತ್ತೆ ಒಳಗೆಳೆಯುತ್ತದೆ.

ಆಮೇಲೆ ಗಾಳಿಯ ಲೆಕ್ಕ. ಸೀಲಿಂಗಿನಲ್ಲಿ ವೇಪರ್ ರಿಟಾರ್ಡರ್ (ಹಬೆ ತಡೆಯುವ ಪದರ) ಇದ್ದು ಕಿಂಡಿಗಳು ಮೇಲೆ ಕೆಳಗೆ ಹೆಚ್ಚುಕಡಿಮೆ ಸಮವಾಗಿದ್ದರೆ ಆಟಿಕ್ ನೆಲದ 300 ಚದರಡಿಗೆ 1 ಚದರಡಿ ತೆರಪು, ಇಲ್ಲದಿದ್ದರೆ 150ಕ್ಕೆ 1. 1200 ಚದರಡಿ ಆಟಿಕ್‌ಗೆ 300ರ ಲೆಕ್ಕದಲ್ಲಿ 4 ಚದರಡಿ, ಅಂದರೆ 576 ಚದರ ಇಂಚು: ಸಾಫಿಟ್‌ನಲ್ಲಿ 288, ನೆತ್ತಿಯ ರಿಡ್ಜ್ ವೆಂಟ್‌ನಲ್ಲಿ 288. ವೆಂಟಿನ ಹೊರ ಅಳತೆ ಲೆಕ್ಕಕ್ಕಿಲ್ಲ, ಪ್ಯಾಕಿನ ಮೇಲೆ ನಮೂದಿಸಿದ ನೆಟ್ ಫ್ರೀ ಏರಿಯಾ (ಗಾಳಿ ನಿಜಕ್ಕೂ ಹಾಯುವ ತೆರಪು) ಕೂಡಿಸಿ. ಇನ್ಸುಲೇಶನ್ ಸೂರಿನ ಕಿಂಡಿ ಮುಚ್ಚದಂತೆ ವೆಂಟ್ ಇರುವ ಪ್ರತಿ ರಾಫ್ಟರ್ (ಚಾವಣಿಯ ಇಳಿಜಾರು ತೊಲೆ) ಸಂದಿಗೂ ಬ್ಯಾಫಲ್ (ಗಾಳಿಗೆ ದಾರಿ ಬಿಡುವ ತಟ್ಟೆ). ಹಲಗೆಗೂ ಅದಕ್ಕೂ ನಡುವೆ ಕನಿಷ್ಠ 1 ಇಂಚು, ಜಾಗವಿದ್ದರೆ 2.

ಇಷ್ಟಾದ ಮೇಲೆ ಇನ್ಸುಲೇಶನ್. ಗುರಿ ಆರ್-60 (ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ) ಇರಲಿ: ಸೆಲ್ಯುಲೋಸ್ (ಕಾಗದದ ನಾರು) ಆದರೆ ಸುಮಾರು 17 ಇಂಚು. ಸೀಲಿಂಗಿನೊಳಗೆ ಹುದುಗಿಸಿದ ಹಳೆಯ ದೀಪದ ಡಬ್ಬಿಗಳು ಐಸಿ ದರ್ಜೆಯವಲ್ಲದಿದ್ದರೆ (ಐಸಿ ಅಂದರೆ ಇನ್ಸುಲೇಶನ್ ತಾಗಿದರೂ ಸುರಕ್ಷಿತ) ಬದಲಿಸಿ, ಮೇಲೆ ಸುರಿದರೆ ಬೆಂಕಿಯ ಭಯ.

ಇವತ್ತೇ ಮಾಡಬಹುದಾದದ್ದು, ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಮಟ್ಟ ಇಳಿಸುವುದು. ಹೊರಗೆ ಮೈನಸ್ 18 ಡಿಗ್ರಿಯಾದಾಗ ಒಳಗಿನ ತೇವಾಂಶ 30% ದಾಟಬಾರದು, ಮೈನಸ್ 29ಕ್ಕೆ 15–20%. ನಮ್ಮ ಅಡುಗೆಮನೆಗಳಲ್ಲಿ ಬೆಳಗಾದರೆ ಇಡ್ಲಿ ಹಬೆ, ಕುಕ್ಕರ್ ಸೀಟಿ. ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಹುಡ್ ಇದ್ದರೆ ಆ ಹಬೆ ಎಲ್ಲೂ ಹೋಗುವುದಿಲ್ಲ. ಬಟ್ಟೆಯನ್ನೂ ಒಳಗೆ ಒಣಹಾಕಬೇಡಿ.

ಹಲಗೆಯ ಕಪ್ಪು ಕಲೆಗೆ ಬ್ಲೀಚ್ ಹೊಡೆಯುವ ಅವಸರ ಬೇಡ. ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ: ಗಟ್ಟಿಯಿದ್ದರೆ ಒಣಗಲು ಬಿಟ್ಟರಾಯಿತು, ಮೆತ್ತಗೆ ಒಳಹೋದರೆ ಅಷ್ಟು ಭಾಗ ಬದಲಿಸಬೇಕು.