ಬವಳಿ ಬಂದು ಬಿದ್ದರೆ ಮೊದಲು ನೋಡಬೇಕಾದದ್ದು ಏನು?

ಪ್ರಶ್ನೆ: ತಂದೆಗೆ 66 ವರ್ಷ. ಬಿಪಿಗೆ ಆಮ್ಲೋಡಿಪಿನ್, ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳು ರಾತ್ರಿ ಮೂತ್ರಕ್ಕೆ ಎದ್ದವರು ಬಚ್ಚಲ ಬಾಗಿಲಲ್ಲೇ ಬಿದ್ದರು. ಮೊನ್ನೆ ದೇವಸ್ಥಾನದಲ್ಲಿ ಊಟದ ಪಂಕ್ತಿಗೆ ಕಾಯುತ್ತ ನಿಂತಾಗ ಮತ್ತೆ ಎಚ್ಚರ ತಪ್ಪಿತು. ಕುರ್ಚಿಯಲ್ಲಿ ಕೂರಿಸಿದಾಗ ಕೈ ನಾಲ್ಕೈದು ಸಲ ಅದುರಿತು. ಕೆಲವರು ಪಿತ್ತ ಎಂದರು, ಕೆಲವರು ಅಪಸ್ಮಾರ ಎಂದು ಕೈಗೆ ಕೀಲಿಕೈ ಕೊಟ್ಟರು. ತಲೆ ಸ್ಕ್ಯಾನ್ ಮಾಡಿಸಲು ಹುಬ್ಬಳ್ಳಿಗೆ ಹೋಗಬೇಕೇ?
– ಕುಮಟಾದ ಓದುಗರು

ಉತ್ತರ: ಸ್ಕ್ಯಾನಿಗೆ ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಎರಡು ಕೆಲಸ ಆಗಲಿ: ಮಲಗಿಸಿ, ನಿಲ್ಲಿಸಿ ಬಿಪಿ ನೋಡುವುದು ಮತ್ತು ಇಸಿಜಿ. ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತಿದ್ದರೆ, ಮಾತು ತೊದಲಿದರೆ ಅಥವಾ ಒಂದು ಬದಿಯ ಕೈಕಾಲು ಸೋತರೆ ಸ್ಕ್ಯಾನ್ ಬೇಕೇ ಬೇಕು. ಇವ್ಯಾವುವೂ ಇಲ್ಲದಿದ್ದರೆ ಬವಳಿಯ ಕಾರಣ ಸ್ಕ್ಯಾನಿನಲ್ಲಿ ಸಿಗುವುದು ತೀರಾ ಅಪರೂಪ.

ಎದ್ದು ನಿಂತ ಕೂಡಲೇ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ರಕ್ತನಾಳಗಳು ತಕ್ಷಣ ಬಿಗಿದು ಅದನ್ನು ಮೇಲಕ್ಕೆ ಕಳಿಸಬೇಕು. ಟ್ಯಾಮ್ಸುಲೋಸಿನ್, ಪ್ರಾಜೋಸಿನ್‌ನಂಥ ಮಾತ್ರೆಗಳು ಈ ಬಿಗಿತವನ್ನೇ ಸಡಿಲಿಸುತ್ತವೆ. ಆಮ್ಲೋಡಿಪಿನ್ ಅದಕ್ಕೆ ಕೂಡಿಕೊಳ್ಳುತ್ತದೆ. ಇದರ ಮೇಲೆ ಕರಾವಳಿಯ ಸೆಕೆ, ಬೆವರು, ನೀರು ಕುಡಿಯದೆ ಗಂಟೆಗಟ್ಟಲೆ ನಿಲ್ಲುವುದು. ಮಿದುಳಿಗೆ ರಕ್ತ ಆರೆಂಟು ಸೆಕೆಂಡು ನಿಂತರೂ ಸಾಕು, ಮನುಷ್ಯ ಬೀಳುತ್ತಾನೆ. ನಿಮ್ಮ ತಂದೆಯ ಎರಡೂ ಪ್ರಸಂಗ ಇದಕ್ಕೆ ಹೊಂದುತ್ತವೆ. ಆದರೆ ಈ ವಯಸ್ಸಿನಲ್ಲಿ ಹೃದಯವನ್ನು ನೋಡದೆ ಹಾಗೆಂದು ತೀರ್ಮಾನಿಸಬಾರದು.

ಕೈ ಅದುರಿದ್ದಕ್ಕೆ ಹೆದರಬೇಡಿ. ಎಚ್ಚರ ತಪ್ಪಿದವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರೆ ಮಿದುಳಿಗೆ ರಕ್ತ ಏರುವುದು ಇನ್ನಷ್ಟು ತಡವಾಗುತ್ತದೆ, ಆಗ ಕೆಲವು ಸೆಕೆಂಡು ಹೀಗೆ ಅದುರುವುದುಂಟು. ಅಪಸ್ಮಾರದಲ್ಲಿ ಸೆಳೆತ ಸಾಮಾನ್ಯವಾಗಿ ಒಂದು ನಿಮಿಷ ಅಥವಾ ಹೆಚ್ಚು ಇರುತ್ತದೆ, ಮುಖ ನೀಲಿಗಟ್ಟಬಹುದು, ನಾಲಿಗೆಯ ಪಕ್ಕ ಕಚ್ಚಿರುತ್ತದೆ, ಆಮೇಲೂ ಬಹಳ ಹೊತ್ತು ಮಂಕು. ಬವಳಿಯಲ್ಲಿ ಮುಖ ಬಿಳಿಚಿ ಬೆವರುತ್ತದೆ, ಎಚ್ಚರವಾದ ಕೂಡಲೇ ಮನೆಯವರ ಗುರುತು ಸಿಗುತ್ತದೆ. ಬಟ್ಟೆಯಲ್ಲಿ ಮೂತ್ರ ಹೋಗುವುದು ಎರಡರಲ್ಲೂ ಇದೆ, ಅದರಿಂದ ಏನೂ ತಿಳಿಯದು. ಪಂಕ್ತಿಯಲ್ಲಿ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದವರನ್ನೇ ವೈದ್ಯರ ಬಳಿ ಕರೆದೊಯ್ಯಿರಿ. ಬಿದ್ದವರಿಗೆ ನಡುವಿನದ್ದು ನೆನಪಿರುವುದಿಲ್ಲ.

ಬಿಪಿ ನೋಡುವ ಕ್ರಮ ಹೀಗೆ. 5 ನಿಮಿಷ ಅಂಗಾತ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಬೇಕು. ನಂತರ ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಇಲ್ಲವೇ ಮೇಲಿನದೇ 90ಕ್ಕಿಂತ ಕಡಿಮೆಯಾದರೆ, ನಿಂತಾಗ ಬಿಪಿ ಬೀಳುತ್ತಿದೆ ಎಂದರ್ಥ. ಬಿಪಿ ಇಳಿದರೂ ನಾಡಿ ಏರದಿದ್ದರೆ ನರಗಳ ದೌರ್ಬಲ್ಯದ ಅನುಮಾನ: ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್. ನಾಡಿ ತೀರಾ ಏರಿದರೆ ನೀರಿನ ಕೊರತೆ ಅಥವಾ ಒಳಗಿನ ರಕ್ತಸ್ರಾವ. ಮಲ ಡಾಂಬರಿನಂತೆ ಕಪ್ಪಗಿದೆಯೇ ಎಂದು ಕೇಳಲೇಬೇಕು. ಕುರ್ಚಿಯಲ್ಲಿ ಕೂತಾಗ ಒಮ್ಮೆ ನೋಡಿ ‘ಬಿಪಿ ಸರಿಯಿದೆ’ ಎಂದು ಕಳಿಸಿದರೆ ಇದು ಯಾವುದೂ ಕಾಣುವುದಿಲ್ಲ. ನಮ್ಮಲ್ಲಿ ತಪ್ಪಿಹೋಗುವುದು ಬಹುಪಾಲು ಇಲ್ಲಿಯೇ.

ಇಸಿಜಿಯಲ್ಲಿ ಹಾರ್ಟ್ ಬ್ಲಾಕ್ (ಹೃದಯದೊಳಗಿನ ವಿದ್ಯುತ್ ಸಂಕೇತಕ್ಕೆ ತಡೆ), ಎಚ್ಚರವಿದ್ದಾಗಲೂ 40ಕ್ಕಿಂತ ಕಡಿಮೆ ಬಡಿತ, ಹಳೆಯ ಹೃದಯಾಘಾತದ ಗುರುತು ಕಂಡರೆ ಆ ದಿನವೇ ದಾಖಲಾಗಬೇಕು. ಸ್ಟೆತಾಸ್ಕೋಪಿನಲ್ಲಿ ಮರ್ಮರ ಶಬ್ದ ಕೇಳಿದರೆ ಮಹಾಪಧಮನಿಯ ಕವಾಟ ಕಿರಿದಾಗಿರಬಹುದು, ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಬೇಕು. ಗ್ಲೂಕೋಸ್, ಹಿಮೋಗ್ಲೋಬಿನ್ ಹೇಗೂ ನೋಡುತ್ತಾರೆ.

ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಬ್ಬರೇ ವೈದ್ಯರ ಮುಂದಿಡಿ. ಅವರು ಪ್ರಮಾಣ, ಹೊತ್ತು ಅಥವಾ ಔಷಧಿಯನ್ನೇ ಬದಲಿಸಬಹುದು. ಅಲ್ಲಿಯವರೆಗೆ ರಾತ್ರಿ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಲಿ, ಕೂತೇ ಮೂತ್ರ ಮಾಡಲಿ, ಬಚ್ಚಲ ಅಗುಳಿ ಹಾಕದಿರಲಿ. ಕಣ್ಣು ಕತ್ತಲೆ ಬರುವ ಸೂಚನೆ ಸಿಕ್ಕರೆ ನಾಚಿಕೆ ಬಿಟ್ಟು ನೆಲಕ್ಕೆ ಮಲಗಲಿ. ಜಾಗವಿಲ್ಲದಿದ್ದರೆ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ ಬಿಗಿಹಿಡಿಯಲಿ. ಬಿದ್ದರೆ ಅಂಗಾತ ಮಲಗಿಸಿ ಕಾಲು ಒಂದಡಿ ಎತ್ತಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ. ಕೀಲಿಕೈ, ಈರುಳ್ಳಿ ಹುಡುಕುವ ಹೊತ್ತಿನಲ್ಲಿ ಉಸಿರಾಟ ನೋಡಿ. ಕಾರಣ ಗೊತ್ತಾಗುವವರೆಗೆ ಅವರು ಬೈಕ್ ಓಡಿಸಕೂಡದು. ದೇವಿಮನೆ ಘಾಟಿಯ ತಿರುವಿನಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ತಮ್ಮನಿಗೆ 27 ವರ್ಷ, ಅಡಿಕೆ ಕೊನೆ ಕೊಯ್ಯುವ ಕೆಲಸ. ಮರ ಏರುತ್ತಿದ್ದಾಗಲೇ ಎದೆ ಡವಗುಟ್ಟಿ ಎಚ್ಚರ ತಪ್ಪಿ ಸುರಕ್ಷಾ ಬೆಲ್ಟಿನಲ್ಲಿ ನೇತಾಡಿದ. ನಮ್ಮ ಚಿಕ್ಕಪ್ಪ 38ಕ್ಕೇ ನಿದ್ದೆಯಲ್ಲಿ ತೀರಿಕೊಂಡಿದ್ದರು. ಇಸಿಜಿ ನಾರ್ಮಲ್ ಇದೆ. ಕೆಲಸಕ್ಕೆ ಹೋಗಬಹುದೇ?
– ಶಿರಸಿಯ ಓದುಗರು

ಉತ್ತರ: ಹೋಗಬಾರದು. ಶ್ರಮದ ನಡುವೆ ಎಚ್ಚರ ತಪ್ಪುವುದು, ಮೊದಲು ಎದೆ ಡವಗುಟ್ಟುವುದು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು – ಈ ಮೂರರಲ್ಲಿ ಒಂದಿದ್ದರೂ ಹೃದಯದ ಕಾರಣವೆಂದೇ ಹಿಡಿದು ಹೊರಡಬೇಕು. ಹೃದಯದ ಸ್ನಾಯು ದಪ್ಪಗಾಗುವ ಆನುವಂಶಿಕ ಕಾಯಿಲೆ ಎಕೋದಲ್ಲಿ ಕಾಣುತ್ತದೆ. ಶ್ರಮದಲ್ಲಿ ಮಾತ್ರ ಹೃದಯದ ಲಯ ತಪ್ಪಿಸುವ ಕಾಯಿಲೆಗಳಲ್ಲಿ ವಿಶ್ರಾಂತಿಯ ಇಸಿಜಿ ಪೂರ್ತಿ ಸರಿಯಿರಬಹುದು. ಅದಕ್ಕೆ ಎಕೋ ಆದ ಮೇಲೆ ತಜ್ಞರ ಎದುರೇ ಟ್ರೆಡ್‌ಮಿಲ್ ಪರೀಕ್ಷೆ ಬೇಕು. 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡೇ ಓಡಾಡುವ ಇಸಿಜಿ ಯಂತ್ರ) ಸರಿ ಬಂದರೂ ನಿಶ್ಚಿಂತರಾಗಬೇಡಿ. ಆ ದಿನ ಲಯ ತಪ್ಪದಿದ್ದರೆ ಅದರಲ್ಲಿ ಏನೂ ದಾಖಲಾಗದು. ಮಣಿಪಾಲ ಅಥವಾ ಹುಬ್ಬಳ್ಳಿಯ ಹೃದ್ರೋಗ ತಜ್ಞರ ಬಳಿ ಇದೇ ವಾರ ಹೋಗಿ. ಇಸಿಜಿಯ ವರದಿ ಸಾಲದು, ಮೂಲ ಕಾಗದವನ್ನೇ ಒಯ್ಯಿರಿ. ಕಾಯಿಲೆ ಖಚಿತವಾದರೆ ತಂದೆ, ತಾಯಿ, ನೀವು, ಒಡಹುಟ್ಟಿದವರು ಎಲ್ಲರೂ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ತೋಟದ ಜೊತೆಗಾರರಿಗೂ ಒಂದು ಮಾತು ತಿಳಿಸಿ. ಎಚ್ಚರ ತಪ್ಪಿ ಬೆಲ್ಟಿನಲ್ಲಿ ನೇತಾಡುವವರನ್ನು ಹಾಗೇ ಬಿಟ್ಟರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಬೇಗ ಇಳಿಸಿ ಮಲಗಿಸಬೇಕು. ಅಲುಗಿಸಿದರೂ ಓಗೊಡದೆ, ಉಸಿರು ಸರಿಯಾಗಿ ಆಡದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಆಂಬುಲೆನ್ಸ್ ತೋಟದ ದಾರಿ ಹುಡುಕಿ ಬರುವಷ್ಟರಲ್ಲಿ ಒತ್ತುವವರ ಕೈ ಸೋಲುತ್ತದೆ, ಆದ್ದರಿಂದ ಎರಡೆರಡು ನಿಮಿಷಕ್ಕೆ ಜನ ಬದಲಾಗಲಿ.