ತೂಕ ಕಮ್ಮಿ ಇದ್ದರೆ ಗಿಟಾರ್ ಒಳಗೆ ಟೊಳ್ಳಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್ ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದೇನೆ. ‘ಪೂರ್ತಿ ಗಟ್ಟಿ ಮರ’ ಅಂತ ಹೇಳಿ ಮಾರಿದರು. ತೂಗಿದರೆ ಬರೀ 3.4 ಕೆಜಿ. ಸೀರಿಯಲ್ ನಂಬರಿನ ಮೊದಲ ಅಂಕಿ 0, ಐದನೆಯದು 8. ಒಳಗೆ ಟೊಳ್ಳು ಇದೆಯಾ? ಕೊರೆಯದೆ ತಿಳಿಯುವುದು ಹೇಗೆ?

ಉತ್ತರ: ನೀವು ಬರೆದ ಆ ಎರಡು ಅಂಕಿಗಳೇ ಅರ್ಧ ಉತ್ತರ. ಆ ಕಾಲದ ಗಿಬ್ಸನ್ ನಂಬರಿನಲ್ಲಿ ಮೊದಲ ಮತ್ತು ಐದನೇ ಅಂಕಿ ಸೇರಿದರೆ ವರ್ಷ. ಅಂದರೆ ನಿಮ್ಮದು 2008ರದು. ಆ ವರ್ಷದ ಲೆಸ್ ಪಾಲ್ ಸ್ಟ್ಯಾಂಡರ್ಡ್ ಚೇಂಬರ್ಡ್ ಆಗಿಯೇ ಬಂದದ್ದು. ಮಹಾಗನಿಯನ್ನು ದೊಡ್ಡ ದೊಡ್ಡ ಕೋಣೆಗಳಾಗಿ ಕೊರೆದು, ಮೇಲೆ ಮೇಪಲ್ ಹಲಗೆ ಅಂಟಿಸಿದ್ದಾರೆ.

ತೂಕವನ್ನೇ ನಂಬಬೇಡಿ. ಗಟ್ಟಿ ಲೆಸ್ ಪಾಲ್ ಸಾಮಾನ್ಯವಾಗಿ 4 ಕೆಜಿ ದಾಟುತ್ತದೆ, ನಿಜ. ಆದರೆ ಮಹಾಗನಿ ಒಂದೊಂದು ತುಂಡು ಒಂದೊಂದು ಥರ. ಗಟ್ಟಿಯಾಗಿದ್ದೂ ಹಗುರ ಬರುವುದುಂಟು.

ಇನ್ನು ತಟ್ಟಿ ನೋಡುವುದು. ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ಲ, ಹಾಗೇ. ಗಿಟಾರನ್ನು ಬೋರಲು ಹಾಕಬೇಡಿ, ಬೆಲ್ಟಿನಲ್ಲಿ ತೂಗುಹಾಕಿ. ತಂತಿಗಳು ಮಿಡಿಯದಂತೆ ಒಂದು ಕೈಯಲ್ಲಿ ಅದುಮಿಡಿ. ಹಿಂಬದಿಯಲ್ಲಿ, ಬ್ರಿಜ್‌ನ (ಬಾಡಿಯ ಮೇಲೆ ತಂತಿಗಳು ಕೂರುವ ಪಟ್ಟಿ) ನೇರಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ. ಅಲ್ಲಿಂದ ನಿಧಾನವಾಗಿ ಅಂಚಿನ ಕಡೆ ಸರಿಯಿರಿ. ಚೇಂಬರ್ಡ್ ಬಾಡಿಯಲ್ಲೂ ಪಿಕಪ್ (ತಂತಿಯ ಮಿಡಿತ ಹಿಡಿಯುವ ಭಾಗ) ಮತ್ತು ಬ್ರಿಜ್‌ನ ಕೆಳಗೆ ಮರ ಬಿಟ್ಟಿರುತ್ತಾರೆ. ಹಾಗಾಗಿ ನಡುವೆ ‘ಟಕ್’ ಅಂದದ್ದು ಬದಿಗೆ ಹೋದಂತೆ ‘ಡುಬ್’ ಅನ್ನುತ್ತದೆ. ಒಂದೇ ಗಿಟಾರಿನೊಳಗಿನ ಈ ವ್ಯತ್ಯಾಸ ಮುಖ್ಯ. ಬೇರೆ ಗಿಟಾರಿನ ಸದ್ದಿನ ಜೊತೆ ಹೋಲಿಸಿದರೆ ಸುಮ್ನೆ ಗೊಂದಲ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಿಂದೆ ಎರಡು ಪ್ಲಾಸ್ಟಿಕ್ ಮುಚ್ಚಳ ಇವೆಯಲ್ವಾ? ಒಂದರ ಕೆಳಗೆ ವಾಲ್ಯೂಮ್, ಟೋನ್ ತಿರುಗಿಸುವ ಪಾಟ್‌ಗಳು, ಇನ್ನೊಂದರ ಕೆಳಗೆ ಸ್ವಿಚ್. ಆ ಜಾಗ ಎಲ್ಲ ಲೆಸ್ ಪಾಲ್‌ನಲ್ಲೂ ಟೊಳ್ಳೇ. ಅಲ್ಲಿ ತಟ್ಟಿ ‘ಟೊಳ್ಳು ಸಿಕ್ತು’ ಅನ್ನಬೇಡಿ. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರೂ ಕೋಣೆಗಳು ಕಾಣದೇ ಇರಬಹುದು. ಕಾಣಲಿಲ್ಲ ಅಂದ ಮಾತ್ರಕ್ಕೆ ಗಟ್ಟಿ ಅಂತಲ್ಲ.

ಮಾರಿದವರು ಸುಳ್ಳೇ ಹೇಳಿದರು ಅಂತ ನಾನು ಹೇಳಲಾರೆ. ‘ಲೆಸ್ ಪಾಲ್’ ಅನ್ನುವ ಈ ಹೆಸರೇ ಗೊಂದಲದ ಗೂಡು. 1952ರಲ್ಲಿ ಲೆಸ್ ಪಾಲ್ ಬಂದಾಗ ಗಟ್ಟಿ ಮರ. 1980ರ ದಶಕದಲ್ಲಿ ತೂಕ ಇಳಿಸಲು ಒಂಬತ್ತು ತೂತು ಕೊರೆಯತೊಡಗಿದರು. ಆ ತೂತುಗಳು ತಟ್ಟಿದರೆ ಗೊತ್ತಾಗುವುದು ಕಷ್ಟ, ಎಕ್ಸ್‌ರೇಯಲ್ಲಿ ಮಾತ್ರ ಸಾಲಾಗಿ ದುಂಡಗೆ ಕಾಣುತ್ತವೆ. ಆಮೇಲೆ ಚೇಂಬರ್. 2019ರಲ್ಲಿ ಬಂದ ‘ಸ್ಟ್ಯಾಂಡರ್ಡ್ ಫಿಫ್ಟೀಸ್’ ಮತ್ತೆ ಪೂರ್ತಿ ಗಟ್ಟಿ. ಎಲ್ಲದರ ಹಣೆಯ ಮೇಲೂ ಒಂದೇ ಸಹಿ!

ಒಂದು ಅನುಮಾನ ಮಾತ್ರ ಬಗೆಹರಿಸಿಕೊಳ್ಳಿ. ಸೀರಿಯಲ್ ನಂಬರನ್ನು ನಕಲಿ ಗಿಟಾರಿನ ಮೇಲೂ ಒತ್ತಬಹುದು. ಹೆಡ್‌ಸ್ಟಾಕ್‌ನ (ತಂತಿ ಬಿಗಿಯುವ ತುದಿ) ಮೇಲಿರುವ ಟ್ರಸ್ ರಾಡ್ (ಕತ್ತಿನೊಳಗಿನ ಕಬ್ಬಿಣದ ಸರಳು) ಮುಚ್ಚಳಕ್ಕೆ ಗಿಬ್ಸನ್ ಹಾಕುವುದು ಎರಡು ಸ್ಕ್ರೂ. ಮೂರಿದ್ದರೆ ಚೇಂಬರ್ ವಿಷಯ ಬಿಟ್ಟು ಮೊದಲು ಮಾರಿದವರಿಗೆ ಫೋನ್ ಮಾಡಿ. ಎರಡೇ ಇದ್ದು ಉಳಿದದ್ದೆಲ್ಲ ಸರಿಯಿದ್ದರೆ ‘ಗಟ್ಟಿ ಮರ’ ಅಂದದ್ದಕ್ಕೆ ಸ್ವಲ್ಪ ದುಡ್ಡು ವಾಪಸ್ ಕೇಳಿ ನೋಡಿ, ಗಿಟಾರ್ ಮಾತ್ರ ಇಟ್ಟುಕೊಳ್ಳಿ. ಮೂರು ಗಂಟೆ ನಿಂತು ನುಡಿಸಿದರೆ ನಿಮ್ಮ ಭುಜ ನನ್ನ ಮಾತು ಒಪ್ಪುತ್ತದೆ.