ಓದುಗರ ಪ್ರಶ್ನೆ: ಅರ್ಥಶಾಸ್ತ್ರದ ಲೆಕ್ಕವೂ ರೇಖೆಯೂ

ಪ್ರಶ್ನೆ: ಪೆನ್ನಿನ ಬೆಲೆ 10 ರೂಪಾಯಿಯಿಂದ 12ಕ್ಕೆ ಏರಿದಾಗ ಬೇಡಿಕೆ 50ರಿಂದ 40ಕ್ಕೆ ಇಳಿಯುತ್ತದೆ. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ನನಗೆ 1.5 ಬಂತು, ಗೆಳತಿಗೆ 1. ಯಾರದು ಸರಿ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಗೆಳತಿಯದು. ಬೆಲೆ ಶೇಕಡಾ ಒಂದರಷ್ಟು ಬದಲಾದರೆ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದೇ ಈ ಸ್ಥಿತಿಸ್ಥಾಪಕತ್ವ. ಪ್ರಮಾಣದ ಬದಲಾವಣೆ −10, ಬೆಲೆಯ ಬದಲಾವಣೆ 2, ಭಾಗಿಸಿದರೆ −5. ಇದನ್ನು ಗುಣಿಸಬೇಕಾದದ್ದು ಮೂಲ ಬೆಲೆ ಮತ್ತು ಮೂಲ ಪ್ರಮಾಣದಿಂದ, ಅಂದರೆ 10/50ರಿಂದ. ಉತ್ತರ −1. ನೀವು ಬದಲಾದ ನಂತರದ 12/40 ತೆಗೆದುಕೊಂಡಿದ್ದೀರಿ, ಅದಕ್ಕೇ −1.5 ಬಂದಿದೆ. ಋಣ ಚಿಹ್ನೆಯನ್ನು ಕೊನೆಯ ಸಾಲಿನವರೆಗೂ ಉಳಿಸಿಕೊಳ್ಳಿ; ನಡುವೆ ಬಿಟ್ಟರೆ ಪೂರೈಕೆಯ ಲೆಕ್ಕ ಬಂದಾಗ ತಡವರಿಸುತ್ತೀರಿ.

ಚಿಹ್ನೆ ಬಿಟ್ಟು ನೋಡಿದರೆ ಸ್ಥಿತಿಸ್ಥಾಪಕತ್ವ 1 ಇದ್ದಾಗ ಒಟ್ಟು ವೆಚ್ಚ (ಬೆಲೆ × ಪ್ರಮಾಣ) ಬದಲಾಗಬಾರದಲ್ಲ, ಇಲ್ಲಿ 500 ರೂಪಾಯಿ 480ಕ್ಕೆ ಇಳಿದದ್ದು ಹೇಗೆ ಎಂದು ಕೇಳಬಹುದು. ಕೇಳಲೇಬೇಕು! ಬೆಲೆಯನ್ನು ಲಂಬ ಅಕ್ಷದಲ್ಲೂ ಪ್ರಮಾಣವನ್ನು ಅಡ್ಡ ಅಕ್ಷದಲ್ಲೂ ಇಟ್ಟು, 10ಕ್ಕೆ 50 ಮತ್ತು 12ಕ್ಕೆ 40 ಎಂಬ ಎರಡೂ ಬಿಂದುಗಳನ್ನು ನೇರ ರೇಖೆಯಿಂದ ಸೇರಿಸಿ ಮೇಲಕ್ಕೆ ಎಳೆದರೆ ಅದು 20 ರೂಪಾಯಿಯಲ್ಲಿ ಬೆಲೆ ಅಕ್ಷವನ್ನು ಮುಟ್ಟುತ್ತದೆ. 10 ರೂಪಾಯಿ ಅದರ ನಟ್ಟನಡುವಿನ ಬಿಂದು. ಅಲ್ಲಿ ಮಾತ್ರ 1. ಮೇಲೆ ಹೋದಂತೆ ಹೆಚ್ಚುತ್ತದೆ, 12 ರೂಪಾಯಿಗೆ ಬರುವಷ್ಟರಲ್ಲಿ 1.5. ಹಾಗಾಗಿಯೇ ವೆಚ್ಚ ಇಳಿಯಿತು. ನಿಮ್ಮ ಸಂಖ್ಯೆ ಸುಳ್ಳಲ್ಲ, ಬಿಂದು ಬೇರೆ.

ಪ್ರಶ್ನೆ: ಬೇಡಿಕೆ ರೇಖೆಯ ಮೇಲಿನ ಚಲನೆ, ರೇಖೆಯ ಪಲ್ಲಟ – ಎರಡರಲ್ಲೂ ಬೇಡಿಕೆ ಹೆಚ್ಚುತ್ತದಲ್ಲ, ವ್ಯತ್ಯಾಸವೇನು?
– ಪ್ರಥಮ ಪಿಯು ವಿದ್ಯಾರ್ಥಿ, ಸಿಂಧನೂರು

ಉತ್ತರ: ಟೊಮೆಟೊ ಕಿಲೋಗೆ 40ರಿಂದ 20 ರೂಪಾಯಿಗೆ ಇಳಿದು ಮನೆಗೆ 2 ಕಿಲೋ ಬದಲು 3 ಕಿಲೋ ಬಂದರೆ ಚಲನೆ: ರೇಖೆ ಅದೇ, ಬಿಂದು ಕೆಳಗೆ ಜಾರಿತು. ಬೆಲೆ 20ರಲ್ಲೇ ಇದ್ದು, ಕೂಲಿ ಹೆಚ್ಚಿದ್ದರಿಂದ 4 ಕಿಲೋ ತಂದರೆ ಪಲ್ಲಟ: ಇಡೀ ರೇಖೆಯೇ ಬಲಕ್ಕೆ ಸರಿಯಿತು. ಚಿತ್ರ ಬರೆಯುವ ಮುನ್ನ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಬದಲಾದದ್ದು ಆ ಸರಕಿನ ಬೆಲೆಯೋ, ಬೇರೆಯೋ? ‘ಬೆಲೆ ಇಳಿಯಿತು, ಬೇಡಿಕೆ ಏರಿತು, ಆದ್ದರಿಂದ ಬೆಲೆ ಮತ್ತೆ ಏರಿತು’ ಎಂಬ ಗಾಣದೆತ್ತಿನ ವಾದ ಹುಟ್ಟುವುದು ಇವೆರಡನ್ನೂ ಕಲಸುವುದರಿಂದ. ಬೆಲೆ ಲಂಬ ಅಕ್ಷದಲ್ಲೇ ಇರಲಿ. ಗಣಿತದ ರೂಢಿಗೆ ಇದು ತಿರುಗುಮುರುಗು ನಿಜ, ಆದರೆ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಕಾಲದಿಂದ ಅರ್ಥಶಾಸ್ತ್ರದಲ್ಲಿ ಹೀಗೇ ನಡೆದುಬಂದಿದೆ.

ಪ್ರಶ್ನೆ: ರಾಗಿ ಹಿಟ್ಟು ಅಂತಿಮ ಸರಕೋ, ಮಧ್ಯವರ್ತಿ ಸರಕೋ?
– ಓದುಗರೊಬ್ಬರು, ಕನಕಪುರ

ಉತ್ತರ: ಕೊಂಡವರು ಯಾರು ಎಂಬುದರ ಮೇಲೆ ಹೋಗುತ್ತದೆ. ಮನೆಗೆ ಕೊಂಡರೆ ಅಂತಿಮ, ಹೋಟೆಲಿನವರು ಕೊಂಡು ಮುದ್ದೆ ಮಾಡಿ ಮಾರಿದರೆ ಮಧ್ಯವರ್ತಿ. ರೈತ 100 ರೂಪಾಯಿಗೆ ಮಾರಿದ ರಾಗಿ ಗಿರಣಿಯಿಂದ 130ರ ಹಿಟ್ಟಾಗಿ, ಹೋಟೆಲಿನಲ್ಲಿ 300ರ ಮುದ್ದೆಯಾಯಿತು ಎನ್ನಿ. ಜಿಡಿಪಿಗೆ ಸೇರುವುದು 300, 530 ಅಲ್ಲ. ಪ್ರತಿ ಹಂತದಲ್ಲಿ ಹೊಸದಾಗಿ ಸೇರಿದ ಮೌಲ್ಯ, ಅಂದರೆ ಮೌಲ್ಯವರ್ಧನೆ ಕೂಡಿ ನೋಡಿ: 100 + 30 + 170.